ಸುಟ್ಟ ಎಣ್ಣೆಯ ವಾಸನೆ

ಕೋಥರೂಡ, ಪುಣೆ
೯ ಜೂನ್ ೨೦೨೫

ಪ್ರೀತಿಯ ಇಂದಕ್ಕನಿಗೆ ಪಂಢರಿಯ ನಮಸ್ಕಾರ.

ಕ್ಷೇಮ ಅಂತ ಬರೆಯಲು ಹೋದೆ, ಕೈ ಏಳಲಿಲ್ಲ. ನಾನು, ಲೀಲಾಕ್ಷಿ ಗಂಡ ಹೆಂಡತಿ ಇಬ್ಬರೂ ಉಂಡು ಉಟ್ಟು ಇದ್ದೇವೆ, ಅಷ್ಟು ತಿಳಿದುಕೋ. ಫೋನು ಇರುವಾಗ ಇವನು ಯಾಕೆ ಕಾಗದ ಬರೆದ ಅಂತ ನಿನಗೆ ಅನಿಸಬಹುದು. ನಮ್ಮದು ಒಂದೇ ಖೋಲಿಯ ಮನೆ. ಫೋನಿನಲ್ಲಿ ಹೇಳಿದ್ದನ್ನೆಲ್ಲ ಲೀಲಾಕ್ಷಿ ಕೇಳುತ್ತಾಳೆ, ಕೇಳಿದರೆ ಹೆದರುತ್ತಾಳೆ. ಹೊರಗೆ ಹೋಗಿ ಮಾತಾಡಿದರೆ ಇನ್ನೂ ಹೆದರುತ್ತಾಳೆ. ಹೆದರುವುದಕ್ಕೆ ಮನೆಗೆ ನಾನೊಬ್ಬ ಸಾಕು.

ವಿಷಯ ಗಾಡಿಯದು. ನಾನು ಓಡಿಸುವ ನೀಲಿಮಾಬಾಯಿಯವರ ಗಾಡಿಯನ್ನು ನೀನು ನೋಡಿದ್ದೀ. ಕರಿ ಬಣ್ಣದ, ಹಡಗಿನಂಥ ವಿಲಾಯತಿ ಗಾಡಿ. ಅವರ ಯಜಮಾನರು ಇಪ್ಪತ್ತು ವರ್ಷದ ಹಿಂದೆ ಕೊಂಡದ್ದು. ಯಜಮಾನರು ಹೋದರು, ಗಾಡಿ ಉಳಿಯಿತು, ಬಾಯಿಯವರು ಅದನ್ನು ಮಾರಲು ಒಲ್ಲರು. ಅದಕ್ಕೆ ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ನಡುವಿನ ಲಿವರನ್ನು ಒಂದು ಸಲ ಹಿಂದಕ್ಕೆ ಎಳೆದು ಬಿಟ್ಟರೆ ಆಯಿತು, ಉಳಿದದ್ದು ಅದೇ ನೋಡಿಕೊಳ್ಳುತ್ತದೆ.

ಈಗೊಂದು ತಿಂಗಳಿಂದ ಅದು ನೋಡಿಕೊಳ್ಳುತ್ತಿಲ್ಲ ಅಕ್ಕಾ. ಮೊದಲ ಸಲ ಪೌಡ್ ರಸ್ತೆಯ ಸಿಗ್ನಲ್ಲಿನಲ್ಲಿ ಹಸಿರು ಬಿತ್ತು, ಕಾಲು ಒತ್ತಿದೆ. ಎಂಜಿನ್ನು ಕಿರುಚಿತು, ಗಾಡಿ ಜಾಗ ಬಿಡಲಿಲ್ಲ. ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಒಮ್ಮೆಲೇ ಜಿಗಿಯಿತು. ಬಾಯಿಯವರ ಕನ್ನಡಕ ಕೆಳಗೆ ಬಿತ್ತು. ಇನ್ನೊಂದು ಸಲ ವಾರಜೆ ಹತ್ತಿರ ಎರಡನೇ ಗೇರಿನಲ್ಲೇ ಸಿಕ್ಕಿಕೊಂಡಿತು. ಎಷ್ಟು ಒತ್ತಿದರೂ ಎತ್ತಿನ ಬಂಡಿಯ ಓಟ. ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ, ಏನೂ ಆಗಿಲ್ಲವೆನ್ನುವ ಹಾಗೆ ಹೊರಟಿತು.

ಇವೆರಡನ್ನು ತಡೆದುಕೊಳ್ಳಬಹುದಿತ್ತು. ಹೋದ ವಾರ ಬಾಯಿಯವರನ್ನು ಕೂಡಿಸಿಕೊಂಡು ಬಂದು ಅವರ ಮನೆಯಿರುವ ಸೊಸೈಟಿಯ ಗೇಟಿನಲ್ಲಿ ನಿಲ್ಲಿಸಿದ್ದೆ. ವಾಚಮನ್ ಗೇಟು ತೆಗೆಯುತ್ತಿದ್ದ. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನೋಡಿದರೆ ಗಾಡಿ ಗೇಟಿಗೆ ತಾಗಿ ನಿಂತಿದೆ. ವಾಚಮನ್ ಗೋಡೆಗೆ ಅಂಟಿಕೊಂಡು ನನ್ನ ಕುಲವನ್ನೆಲ್ಲ ಬಯ್ಯುತ್ತಿದ್ದಾನೆ. ನಾನು ಏನನ್ನೂ ಮುಟ್ಟಿರಲಿಲ್ಲ. ಗಾಡಿ ತಾನೇ ಹೋಯಿತು.

ಇಲ್ಲಿಯ ಕ್ಯಾಂಪ್ ಬಡಾವಣೆಯ ದೊಡ್ಡ ಗ್ಯಾರೇಜಿಗೆ ಒಯ್ದೆವು. ಕಂಪ್ಯೂಟರ್ ಹಚ್ಚಿ ನೋಡಿದರು. ಅವರ ಕೈಯಲ್ಲಿ ಬೆಣ್ಣೆಯ ಹಾಗೆ ಓಡಿತು. ಏನೂ ದೋಷವಿಲ್ಲ ಅಂದರು. ಬರುವಾಗ ಬಾಯಿಯವರು ಹಿಂದಿನ ಸೀಟಿನಿಂದ, “ಪಂಢರೀ, ಅವರ ಕೈಯಾಗ ಛಲೋ ಇರ್ತದ. ನಿನ್ನ ಕೈಯಾಗಷ್ಟ ಯಾಕ ಹಿಂಗ ಮಾಡ್ತದೋ?” ಅಂತ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಕೇಳಿದರು.

ಜುಲೈ ಇಪ್ಪತ್ತಕ್ಕೆ ಅವರ ಮೊಮ್ಮಗಳು ಧನುಶ್ರೀಯ ಕೂಸಿನ ತೊಟ್ಟಿಲ ಕಾರ್ಯ, ಸಾತಾರಾದಲ್ಲಿ, ಅವಳ ಗಂಡನ ಮನೆಯಲ್ಲಿ. ಹಸಿ ಬಾಣಂತಿಯನ್ನೂ ಕೂಸನ್ನೂ ಇದೇ ಗಾಡಿಯಲ್ಲಿ ಖಂಬಾಟ್ಕಿ ಘಾಟ್ ದಾಟಿಸಿ ನಾನು ಒಯ್ಯಬೇಕು. ಕಣ್ಣು ಮುಚ್ಚಿದರೆ ಆ ಇಳಿಜಾರು ಕಾಣುತ್ತದೆ.

ನಮ್ಮ ಅಪ್ಪನ ಬಸ್ಸಿನ ಗೇರು ಘಟ್ಟದಲ್ಲಿ ಜಾರಿತ್ತಲ್ಲ, ಅದಕ್ಕೂ ಮೊದಲು ಏನಾದರೂ ಸೂಚನೆ ಕೊಟ್ಟಿತ್ತೇನು? ನೀನು ಆಗ ದೊಡ್ಡವಳು. ಅಪ್ಪ ಮನೆಯಲ್ಲಿ ಏನು ಹೇಳುತ್ತಿದ್ದ, ನೆನಪು ಮಾಡಿಕೊಂಡು ಬರೆ. ಆ ಅಪಘಾತಕ್ಕೇ ನನ್ನ ಶಾಲೆ ಏಳನೆಯದಕ್ಕೆ ನಿಂತಿತು, ಅಕ್ಷರ ತಪ್ಪಿದ್ದರೆ ನಗಬೇಡ.

ನಿನ್ನ ತಮ್ಮ,
ಪಂಢರಿ


ಧಾರವಾಡ
೧೬ ಜೂನ್ ೨೦೨೫

ತಮ್ಮ ಪಂಢರಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂತು. ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ, ರೊಟ್ಟಿ ಬಡಿಯುವವಳು ಬಂದಿರಲಿಲ್ಲ. ಹಿಟ್ಟಿನ ಕೈಯಲ್ಲೇ ಓದಿದೆ. ಮೇಲೆಲ್ಲ ಬಿಳಿ ಬೆರಳು ಮೂಡಿವೆ. ಪಂಕ್ತಿಗೆ ಕೂತಿದ್ದ ಮಾಸ್ತರರೊಬ್ಬರು, “ಏನ್ರಿ ಇಂದಕ್ಕಾ, ಪ್ರೇಮಪತ್ರ ಏನು?” ಅಂತ ಚಾಷ್ಟಿ ಮಾಡಿದರು. “ಹೌದ್ರಿ, ನನ್ನ ತಮ್ಮಗ ಒಂದು ಗಾಡಿ ಮ್ಯಾಲೆ ಮನಸಾಗೇದ” ಅಂದೆ. ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ಮತ್ತೊಮ್ಮೆ ಓದಿದೆ.

ಪುಣೆ ಬಸ್ಸಿನ ಡ್ರೈವರನ ಕೈಯಲ್ಲಿ ಶೇಂಗಾ ಚಟ್ನಿಯ ಜೊತೆ ಒಂದು ಬಾಟಲಿ ಕಳಿಸಿದ್ದೇನೆ. ಹನಮಪ್ಪನ ಅಭಿಷೇಕದ ತೀರ್ಥ. ಜೇನುತುಪ್ಪ, ಸಕ್ಕರೆ, ಎಳನೀರು ಹಾಕಿದ್ದು. ಹಾಲು ಹಾಕಿಸಿಲ್ಲ, ಕೆಡಬಾರದು ಅಂತ. ದಿನಾ ಮುಂಜಾನೆ, ಗಾಡಿ ತೆಗೆಯುವ ಮೊದಲು, ಒಂದು ಉದ್ಧರಣಿ. ತಪ್ಪಿಸಬೇಡ. ಆಣೆ ಇದೆ.

ಕೆಲವು ಮಾತು ಕೇಳುತ್ತೇನೆ, ಬಿಡಿಸಿ ಬರೆ. ಆ ವಾಸನೆ ಬಂದಾಗ ಬಾಯಿಯವರಿಗೂ ಬಂತೇನು? ಗೇಟಿನಲ್ಲಿ ವಾಚಮನ್ ಕೂಗಿದ್ದು ನಿನಗೆ ಕೇಳಿತ್ತೇನು? ಆಮೇಲೆ ಬಾಯಲ್ಲಿ ಏನಾದರೂ ರುಚಿ? ಮನೆಗೆ ಬಂದ ಮೇಲೆ ಭಾಳ ನಿದ್ದೆ ಬಂತೇನು?

ಅಪ್ಪನ ಮಾತು ಹಳೆಯದು. ನನಗೆ ಅಷ್ಟು ನೆನಪಿಲ್ಲ.

ಲೀಲಾಕ್ಷಿ ನಿನ್ನ ಪಕ್ಕದಲ್ಲೇ ಮಲಗುತ್ತಾಳಲ್ಲ? ಮಲಗಲಿ.

ಅಕ್ಕ, ಇಂದೂ


ಕೋಥರೂಡ
೨೬ ಜೂನ್ ೨೦೨೫

ಅಕ್ಕಾ,

ಬಾಟಲಿ ಮುಟ್ಟಿತು. ಚಟ್ನಿ ಲೀಲಾಕ್ಷಿಯ ಪಾಲಾಯಿತು. ನೀನು ಹೇಳಿದ ಹಾಗೆ ದಿನಾ ಮುಂಜಾನೆ ಸ್ನಾನ ಮಾಡಿ, ಚಪ್ಪಲಿ ಹೊರಗೆ ಬಿಟ್ಟು, ಗಾಡಿಯಲ್ಲಿ ಕೂತು, ಗೇರಿನ ಲಿವರಿನ ಬುಡಕ್ಕೆ ಒಂದು ಉದ್ಧರಣಿ ಹಾಕುತ್ತೇನೆ. ಹೆದರಿಕೆ ಹೆಚ್ಚಿದ ದಿನ ಎರಡು. ಬುಡದಲ್ಲಿ ತೊಗಲಿನ ಮುಸುಕು ಇದೆ, ಅದರೊಳಗೆ ಇಂಗಿಹೋಗುತ್ತದೆ. ಮೇಲೆ ಒರೆಸಿಬಿಡುತ್ತೇನೆ, ಬಾಯಿಯವರಿಗೆ ಗೊತ್ತಾಗುವುದಿಲ್ಲ. ಮೊದಲ ದಿನಗಳಲ್ಲಿ ಗಾಡಿ ತಣ್ಣಗಿತ್ತು. ದೇವರು ಕಣ್ಣು ಬಿಟ್ಟ ಅಂದುಕೊಂಡೆ.

ಈಗ ಮೊದಲಿಗಿಂತ ಕೆಟ್ಟಿದೆ. ಲಿವರು ಒಂದೊಂದು ಮುಂಜಾನೆ ಅಲುಗುವುದೇ ಇಲ್ಲ, ಬಂಡೆಯಲ್ಲಿ ನೆಟ್ಟ ಹಾಗೆ. ಒಂದೊಂದು ಸಲ ಮುಂದಿನ ಪರದೆಯಲ್ಲಿ ಯಾವ ಗೇರು ಅಂತ ತೋರಿಸುವ ಅಕ್ಷರವೇ ಮಾಯ. ಗಾಡಿಗೇ ತಾನು ಎಲ್ಲಿದ್ದೇನೆ ಅಂತ ಗೊತ್ತಿಲ್ಲದಿದ್ದರೆ ನನಗೆ ಹೇಗೆ ಗೊತ್ತಾಗಬೇಕು?

ಬಾಯಿಯವರ ಪರಿಚಯದವರು ನಿಗಡಿಯ ಒಂದು ಗ್ಯಾರೇಜು ಹೇಳಿದರು. ಅದನ್ನು ನಡೆಸುವವನು ನಿಪ್ಪಾಣಿ ಕಡೆಯವನು, ಕುಶಲ ಅಂತ. ಕಿವಿಗೆ ಬಂಗಾರದ ಬಾಳಿ, ಮಾತು ಒಂದು ಹಿಡಿ ಹೆಚ್ಚು. ಇಂಥ ಹಳೆಯ ಗಾಡಿಗಳೇ ಅವನ ಧಂದೆ. ಅವನೂ ಒಂದು ರಾಶಿ ಪ್ರಶ್ನೆ ಕೇಳಿದ. ಗಾಡಿ ತಣ್ಣಗಿದ್ದಾಗ ಒದೆಯುತ್ತದೋ ಕಾದಾಗಲೋ? ಎರಡರಿಂದ ಮೂರಕ್ಕೆ ಹೋಗುವಾಗಲೋ, ಇಳಿಯುವಾಗಲೋ? ಒದೆಯುವ ಮೊದಲು ಎಂಜಿನ್ನಿನ ಸದ್ದು ಏರುತ್ತದೋ? ಬಂದ್ ಮಾಡಿ ಚಾಲೂ ಮಾಡಿದರೆ ಸರಿಹೋದರೆ ಅದು ಗೇರಿನ ಹಲ್ಲಿನ ದೋಷ ಅಲ್ಲವಂತೆ, ಅದಕ್ಕೆ ಹುಕುಂ ಕೊಡುವ ಕಂಪ್ಯೂಟರಿನದಂತೆ. ನಾನು ಸುಟ್ಟ ವಾಸನೆಯ ಮಾತು ಹೇಳಿದೆ. ಅವನು ಉದ್ದನೆಯ ಕಡ್ಡಿ ಇಳಿಸಿ ಗೇರ್‌ಬಾಕ್ಸಿನ ಎಣ್ಣೆ ತೆಗೆದು ಬಿಳಿ ಅರಿವೆಗೆ ಒರೆಸಿ ನನ್ನ ಮೂಗಿಗೇ ಹಿಡಿದ. “ನೋಡ್ರಿ, ಕೋಕಮ್ ಪಾನಕ ಇದ್ದಂಗ ಕೆಂಪಗೈತಿ. ಸುಟ್ಟಿದ್ರ ಕರ್ರಗ ಆಗಿ ನಾರ್ತಿತ್ತು. ನಿಮ್ಮ ಮೂಗು ಸರ್ವಿಸಿಂಗಿಗೆ ಬಂದೈತಿ!” ಅಂತ ನಕ್ಕ. ಗಾಡಿ ಅಲ್ಲೇ ಬಿಟ್ಟು ಹೋಗಿರಿ, ಇನ್ನೂ ನೋಡಬೇಕು ಅಂದಿದ್ದಾನೆ. ಮುಂದಿನ ವಾರ ಬಿಡಬೇಕು.

ಎಣ್ಣೆ ಸುಟ್ಟಿಲ್ಲ ಅಂದರೆ ಆ ವಾಸನೆ ಎಲ್ಲಿಯದು?

ನೀನು ಕೇಳಿದ್ದಕ್ಕೆ ಉತ್ತರ: ಬಾಯಿಯವರಿಗೆ ವಾಸನೆ ಬಂದಿಲ್ಲ, ವಯಸ್ಸಾದವರ ಮೂಗು. ವಾಚಮನ್ ಕೂಗಿದ್ದು ಕೇಳಿಲ್ಲ, ಗಾಡಿಯ ಗಾಜು ಏರಿಸಿತ್ತು. ಬಾಯಲ್ಲಿ ತಾಮ್ರದ ಚೊಂಬು ನೆಕ್ಕಿದ ರುಚಿ ಇತ್ತು. ಏಸಿಯ ಗ್ಯಾಸು ಸೋರಿದರೆ ಹಾಗಾಗುತ್ತದೆ ಅಂತ ಕೇಳಿದ್ದೇನೆ. ನಿದ್ದೆ ಹೌದು, ಉಣ್ಣದೆ ಮಲಗಿದೆ. ಇಷ್ಟು ಹೆದರಿದವನಿಗೆ ದಣಿವಾಗುವುದಿಲ್ಲವೇ?

ಅಪ್ಪನ ಮಾತಿಗೆ ನೀನು ಸಿಟ್ಟಾಗಿದ್ದೀ ಅಂತ ತಿಳಿಯಿತು. ಸತ್ತವರನ್ನು ಎಬ್ಬಿಸಬಾರದಿತ್ತು. ಇನ್ನು ಕೇಳುವುದಿಲ್ಲ.

ಪಂಢರಿ


ಧಾರವಾಡ
೧ ಜುಲೈ ೨೦೨೫

ಪಂಢರಿ,

ನಿನ್ನ ಉತ್ತರದ ದಾರಿ ನೋಡಿ ಸಾಕಾಯಿತು, ಇನ್ನೂ ಬಂದಿಲ್ಲ. ಮಳೆ ಹಿಡಿದು ಅಂಚೆ ಎಲ್ಲಿ ನಿಂತಿದೆಯೋ. ಇನ್ನೊಂದು ಬಾಟಲಿ ಕಳಿಸಿದ್ದೇನೆ. ಈ ಸಲ ಜೇನು ಹೆಚ್ಚು ಹಾಕಿಸಿದ್ದೇನೆ. ಬಿಡಬೇಡ.

ಸಾತಾರಾಕ್ಕೆ ನೀನು ಹೋಗಬೇಡ. ಜ್ವರ ಅಂತ ಹೇಳು. ಬೇದಿ ಅಂತ ಹೇಳು. ಅಕ್ಕ ಸತ್ತಳು ಅಂತ ಬೇಕಾದರೂ ಹೇಳು, ನನಗೇನೂ ಆಗುವುದಿಲ್ಲ. ಬೇರೆ ಡ್ರೈವರ್ ಸಿಗುತ್ತಾನೆ.

ಹೀಗೆ ಯಾಕೆ ಅಂತ ಕೇಳಬೇಡ.

ಇಂದೂ


ಕೋಥರೂಡ
೧೧ ಜುಲೈ ೨೦೨೫

ಅಕ್ಕಾ, ಅಕ್ಕಾ,

ಸಿಕ್ಕಿತು! ದೋಷ ಸಿಕ್ಕಿತು. ಗಾಡಿಯಲ್ಲೇ ಇತ್ತು. ನನ್ನ ಕೈಯಲ್ಲಿ ಅಲ್ಲ.

ನಿನ್ನೆ ಕುಶಲ ಫೋನು ಮಾಡಿ, “ಬಾಯಿಯವರನ್ನೂ ಕರಕೊಂಡು ಬರ್ರಿ, ಇಂಥಾ ತಮಾಷೆ ನೋಡಾಕ ಸಿಗೂದಿಲ್ಲ” ಅಂದ. ರಿಕ್ಷಾದಲ್ಲಿ ಹೋದೆವು. ಅವನು ಲಿವರಿನ ಮುಸುಕು ಬಿಚ್ಚಿ, ಒಳಗಿನ ಕರಿ ಡಬ್ಬಿ ಹೊರಗೆ ತೆಗೆದು ಟೇಬಲ್ಲಿನ ಮೇಲೆ ಇಟ್ಟಿದ್ದ. ಅದರ ತುಂಬ ಇರುವೆ! ಸಾಲು ಹಿಡಿದು ಬರುತ್ತಿವೆ, ಹೋಗುತ್ತಿವೆ, ಮದುವೆ ಮನೆಯ ಹಾಗೆ. ಸಣ್ಣ ಸಣ್ಣ ತಂತಿಗಳೆಲ್ಲ ಬೆಲ್ಲದ ಪಾಕದಲ್ಲಿ ಮುಳುಗಿಸಿದ ಹಾಗೆ ಅಂಟಿಕೊಂಡಿವೆ. ಲಿವರು ಎಲ್ಲಿದೆ ಅಂತ ಕಂಪ್ಯೂಟರಿಗೆ ಹೇಳುವ ಡಬ್ಬಿ ಅದು. ಅದರ ಬಾಯೇ ಕಟ್ಟಿತ್ತು.

“ಬಾಯೀ, ನಿಮ್ಮ ಗಾಡಿಗೆ ಶುಗರ್ ಆಗೇದ್ರಿ!” ಅಂದ ಕುಶಲ.

ಬಾಯಿಯವರು ನನ್ನ ಕಡೆ ತಿರುಗಿದರು. ನಾನು ಸುಳ್ಳು ಹೇಳಲಿಲ್ಲ ಅಕ್ಕಾ. ತೀರ್ಥದ ಮಾತು ಹೇಳಿಬಿಟ್ಟೆ. ಬಾಯಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯ ಹುಚ್ಚಾ, ಗಾಡೀಗೆ ಪಂಚಾಮೃತ ಕುಡಿಸಿಯೇನೋ! ನಮ್ಮನಿಯವರು ಇದರಾಗ ಚಾ ಸುದ್ಧಾ ಕುಡಿಯಾಕ ಬಿಡ್ತಿರಲಿಲ್ಲ” ಅಂದರು. ಕಣ್ಣಲ್ಲಿ ನೀರು ಬಂದಿತ್ತು, ಯಾವ ಬಗೆಯದೋ.

ಎಲ್ಲ ನನ್ನದೇ ತಪ್ಪು ಅಂದುಕೊಂಡೆ. ಆದರೆ ತೀರ್ಥ ಬಂದದ್ದು ಆಮೇಲೆ, ಗಾಡಿ ಒದೆಯಲು ಹತ್ತಿದ್ದು ಮೊದಲು. ಅದನ್ನೂ ಕೇಳಿದೆ. ಕುಶಲ ಹೇಳಿದ, ಗೇರ್‌ಬಾಕ್ಸಿಗೆ ತಂತಿ ಹೋಗುವ ಕಡೆ ಒಂದು ರಬ್ಬರಿನ ಉಂಗುರ ಮುದಿಯಾಗಿ ಸೀಳಿದೆ. ಅಲ್ಲಿಂದ ಎಣ್ಣೆ ತಂತಿಯೊಳಗೇ ಹತ್ತಿದೆ, ದೀಪದ ಬತ್ತಿಯಲ್ಲಿ ಏರಿದ ಹಾಗೆ. ಏರಿ ಏರಿ ಕಂಪ್ಯೂಟರಿನ ಪೆಟ್ಟಿಗೆಯವರೆಗೆ ಹೋಗಿದೆ. ಕ್ಯಾಂಪಿನವರು ಪೆಟ್ಟಿಗೆ ತೆರೆದು ನೋಡದೆ ಬರೀ ಪರದೆ ನೋಡಿದರು. ಅವನೂ ಮೊದಲು ನೋಡಿರಲಿಲ್ಲ, ಬೇರೇನೋ ಎರಡು ಸಾಮಾನು ಬದಲಿಸಿ ಸೋತ ಮೇಲೆ ನೋಡಿದ. ಈಗ ಒರೆಸಿ ಒಣಗಿಸಿ, ಉಂಗುರ ಬದಲಿಸಿ, ಲಿವರಿನ ಡಬ್ಬಿ ಬೇರೆ ಹಾಕುತ್ತಾನೆ. ಇಪ್ಪತ್ತರ ಒಳಗೆ ಗಾಡಿ ಕೈಗೆ.

ಬಾಯಿಯವರು ರಿಕ್ಷಾದಲ್ಲಿ, “ನಿನ್ನ ಮ್ಯಾಲೆ ಸಂಶೆ ಪಟ್ಟೆ, ಮನಸಿನ್ಯಾಗ ಇಟ್ಕೋಬ್ಯಾಡ” ಅಂದರು. ಇವತ್ತು ಮುಂಜಾನೆ ಲೀಲಾಕ್ಷಿಗೂ ಮೊದಲಿಂದ ಕಡೆಯವರೆಗೆ ಎಲ್ಲ ಹೇಳಿದೆ. ಅವಳು ಇರುವೆಯ ಮಾತಿಗೆ ನಕ್ಕು ನಕ್ಕು ಒಲೆಯ ಮೇಲಿನ ಹಾಲು ಉಕ್ಕಿಸಿದಳು.

ಸಾತಾರಾಕ್ಕೆ ಹೋಗಬೇಡ ಅಂತ ಬರೆದಿದ್ದೆಯಲ್ಲ, ಇನ್ನು ಆ ಹೆದರಿಕೆ ಇಲ್ಲ. ವಾಸನೆಯೂ ಹೋಗುತ್ತದೆ. ಮೊನ್ನೆ ಬಸ್ಸಿನಲ್ಲಿ ಹೋಗುವಾಗಲೂ ಬಂದಿತ್ತು, ಆದರೆ ಪುಣೆಯ ಬಸ್ಸು ಅಂದ ಮೇಲೆ ಏನೇನು ವಾಸನೆ ಬರುವುದಿಲ್ಲ.

ನಿನ್ನ ಪಂಢರಿ


ಧಾರವಾಡ
೧೫ ಜುಲೈ ೨೦೨೫

ತಮ್ಮಾ,

ನಿನ್ನ ಎರಡೂ ಕಾಗದ ಒಂದೇ ದಿನ ಕೈಗೆ ಬಂದವು. ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಕೂತಿದ್ದೇನೆ. ಇದನ್ನು ಅಂಚೆಗೆ ಹಾಕುವುದಿಲ್ಲ, ಬಸ್ಸಿನವನ ಕೈಯಲ್ಲಿ ಕೊಡುತ್ತೇನೆ. ಫೋನು ಎತ್ತಿಕೊಂಡಿದ್ದೆ. ನೀನು ಯಾರದಾದರೂ ಗಾಡಿ ಓಡಿಸುತ್ತಿದ್ದರೆ, ಈ ಮಾತು ಅಲ್ಲೇ ನಿನ್ನ ಕಿವಿಗೆ ಬಿದ್ದರೆ ಅಂತ ಹೆದರಿ ಇಟ್ಟುಬಿಟ್ಟೆ. ಲೀಲಾಕ್ಷಿಗೆ ಮಾಡಿದೆ. ಮಳೆ ಹೇಗಿದೆ ಅಂತ ಕೇಳಿದೆ. ಅಷ್ಟು ಕೇಳಿ ಬಂದ್ ಮಾಡಿದೆ.

ತೀರ್ಥ ಗಾಡಿಗೆ ಅಲ್ಲ ಪಂಢರಿ. ನಿನಗೆ. ನೀನು ಕುಡಿಯಲಿ ಅಂತ ಕಳಿಸಿದೆ. ನಿನ್ನ ಹೆಸರು ಬರೆಯಲು ಹೆದರಿದೆ, ಬರೆದರೆ ಯಾಕೆ ಅಂತ ನೀನು ಕೇಳುತ್ತಿದ್ದೆ.

ಅಪ್ಪ ಕೆಲವು ದಿನ ಊಟಕ್ಕೆ ಕೂತಾಗ, “ರೊಟ್ಟಿ ಸೀದದ, ತಗೀರಿ” ಅನ್ನುತ್ತಿದ್ದ. ಅವ್ವ ಒಲೆ ಆರಿಸಿ ಎಷ್ಟೋ ಹೊತ್ತಾಗಿರುತ್ತಿತ್ತು. ಆಮೇಲೆ ತುತ್ತು ಕೈಯಲ್ಲಿ ಹಿಡಿದವನು ಹಿಡಿದ ಹಾಗೇ ಕೂರುತ್ತಿದ್ದ, ಕಣ್ಣು ತೆರೆದೇ. ಕರೆದರೆ ಕೇಳುತ್ತಿರಲಿಲ್ಲ. ತುಟಿ ಚಪ್ಪರಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಉಣ್ಣಲು ಹತ್ತುತ್ತಿದ್ದ, ಏನೂ ಆಗದವನ ಹಾಗೆ. ನಾವು ಹೇಳಿದರೆ ನಮ್ಮನ್ನೇ ಬಯ್ಯುತ್ತಿದ್ದ. ಬಿದ್ದು ಒದ್ದಾಡುವ ಮೂರ್ಛೆಯನ್ನು ಅವ್ವ ನೋಡಿದ್ದಳು. ಇದು ಅದಲ್ಲ, ದೃಷ್ಟಿ ಅಂದಳು. ನೀನು ಆಗ ಅಂಗಳದಲ್ಲಿ ಆಡುವವನು.

ಘಟ್ಟದ ದಿನ ಬಸ್ಸಿನ ಗೇರು ಜಾರಿರಲಿಲ್ಲ. ಅಪ್ಪನ ಹಿಂದೆ ಕೂತಿದ್ದ ಹೆಣ್ಣುಮಗಳು, ಡ್ರೈವರ್ ತುಟಿ ಚಪ್ಪರಿಸುತ್ತಾ ನೇರವಾಗಿ ನೋಡುತ್ತಾ ಇದ್ದ, ತಿರುವು ಬಂದರೂ ತಿರುಗಿಸಲಿಲ್ಲ ಅಂತ ಆಸ್ಪತ್ರೆಯಲ್ಲಿ ಅವ್ವನ ಎದುರು ಹೇಳಿದಳು. ಅವಳ ಗಂಡ ಆ ಬಸ್ಸಿನಲ್ಲೇ ಹೋದ. ಅಪ್ಪ ಗೇರು ಅಂದ, ಅವ್ವ ಗೇರು ಅಂದಳು, ನಾವೂ ಗೇರು ಅಂದೆವು. ಅಪ್ಪ ಸುಳ್ಳು ಹೇಳಲಿಲ್ಲ ಅನಿಸುತ್ತದೆ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನಿನ್ನ ಗಾಡಿಯ ದೋಷ ಸಿಕ್ಕಿತು, ಸಂತೋಷ. ಆದರೆ ಬಸ್ಸಿನಲ್ಲಿ ಬಂದ ವಾಸನೆ ಯಾವ ಗಾಡಿಯದು?

ಆ ಕೂಸನ್ನು ಕೂಡಿಸಿಕೊಂಡು ಹೋಗಬೇಡ.

ಇಂದೂ


ಕೋಥರೂಡ
೧೬ ಜುಲೈ ೨೦೨೫

ಇಂದಕ್ಕನಿಗೆ,

ನಿನ್ನ ಕಾಗದ ಓದಿದೆ. ನೀನು ಕೇಳಿದ ಪ್ರಶ್ನೆಗಳಲ್ಲಿ ಒಂದೂ ಗಾಡಿಯದಾಗಿರಲಿಲ್ಲ ಅಂತ ಈಗ ತಿಳಿಯಿತು. ನಾನು ಗಾಡಿಯ ಲಕ್ಷಣ ಹೇಳುತ್ತಿದ್ದೆ, ನೀನು ಅಲ್ಲಿ ಕೂತು ನನ್ನ ನಾಡಿ ಹಿಡಿಯುತ್ತಿದ್ದೆ.

ಘಟ್ಟದಲ್ಲಿ ಆದದ್ದನ್ನು ಬದುಕಿದ್ದಾಗ ಅಪ್ಪನಿಗೆ ಯಾರೂ ಹೇಳಲಿಲ್ಲ. ಈಗ ನನಗೆ ಹೇಳುತ್ತೀ. ದೋಷ ಕಣ್ಣಾರೆ ನೋಡಿದ್ದೇನೆ, ಟೇಬಲ್ಲಿನ ಮೇಲೆ ಇತ್ತು, ಇರುವೆ ಸಮೇತ. ಅದನ್ನು ಬಿಟ್ಟು ನೀನು ನನ್ನ ತಲೆಯಲ್ಲಿ ಹುಡುಕುತ್ತೀ. ಈ ಕೆಲಸ ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ ಹೇಳು.

ನಾನು ಅಪ್ಪನಲ್ಲ. ಇಪ್ಪತ್ತಕ್ಕೆ ಸಾತಾರಾಕ್ಕೆ ನಾನೇ ಹೋಗುತ್ತೇನೆ. ಮತ್ತೆ ಬರೆಯಬೇಡ.

ಪಂಢರಿನಾಥ


ಕೋಥರೂಡ
೨೮ ಜುಲೈ ೨೦೨೫

ಅಕ್ಕಾ,

ನೀನು ನಿಜವಾಗಿಯೂ ಬರೆಯಲಿಲ್ಲ. ನನಗೆ ಫೋನೂ ಮಾಡಲಿಲ್ಲ. ನಾನೂ ಮಾಡಲಿಲ್ಲ. ನಿನ್ನನ್ನು ಇಷ್ಟು ದಿನ ಹೆದರಿಕೆಯಲ್ಲಿ ಇಟ್ಟೆ. ಧನುಶ್ರೀ, ಕೂಸು, ಬಾಯಿಯವರು ಎಲ್ಲರೂ ಚೆನ್ನಾಗಿದ್ದಾರೆ, ಅದನ್ನು ಮೊದಲು ಬರೆಯಬೇಕಿತ್ತು. ಅವರು ಬೇರೆ ಬಾಡಿಗೆ ಗಾಡಿಯಲ್ಲಿ ಹೋದರು.

ಹದಿನೆಂಟಕ್ಕೆ ಗಾಡಿ ತರಲು ನಿಗಡಿಗೆ ಹೋದೆ. ಕುಶಲ, “ಬರ್ರಿ, ಒಂದು ಸುತ್ತು ಹೊಡ್ಯೂಣು, ನಿಮ್ಮ ಸಮಾಧಾನ ಆಗಲಿ” ಅಂತ ಪಕ್ಕದಲ್ಲಿ ಕೂತ. ನಾನು ಓಡಿಸಿದೆ. ಅಕ್ಕಾ, ಆ ಗಾಡಿಯನ್ನು ನಾನು ಹಾಗೆ ಎಂದೂ ಓಡಿಸಿರಲಿಲ್ಲ. ಒಂದು ಗೇರಿನಿಂದ ಇನ್ನೊಂದಕ್ಕೆ ಹೋದದ್ದೇ ತಿಳಿಯುತ್ತಿರಲಿಲ್ಲ. ನನ್ನ ಬಾಯಿಗೆ ಹಾಡು ಬರುತ್ತಿತ್ತು. ಕುಶಲ ಅದೇನೋ ತನ್ನ ಸೋದರಮಾವನ ಟ್ರ್ಯಾಕ್ಟರಿನ ಕಥೆ ಹೇಳುತ್ತಿದ್ದ. ದೊಡ್ಡ ಚೌಕದಲ್ಲಿ ಕೆಂಪು ಬಿತ್ತು, ನಿಲ್ಲಿಸಿದೆ. ಮುಂದೆ ಒಂದು ಸ್ಕೂಟಿ. ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗಿ ರೇನ್‌ಕೋಟಿನ ಟೊಪ್ಪಿ ಹಾಕಿಕೊಂಡು ಕೂತಿದ್ದಳು.

ವಾಸನೆ ಬಂತು.

ಆಮೇಲೆ ನನ್ನ ಎದೆಯ ಮೇಲೆ ಕುಶಲನ ಕೈ. ಗಾಡಿಯ ಕೀಲಿ ಅವನ ಇನ್ನೊಂದು ಕೈಯಲ್ಲಿ. ಎಂಜಿನ್ನು ಸತ್ತಿದೆ. ಅವನ ಮುಖ ಸುಣ್ಣ. “ರೀ, ಪಂಢರಿನಾಥ, ಎಲ್ಲಿ ಹೋಗಿದ್ರಿ? ಒದರಿ ಒದರಿ ಗಂಟಲ ಹರೀತು! ಬ್ರೇಕಿನ ಮ್ಯಾಲಿನ ಕಾಲು ಯಾಕ ತಗದ್ರಿ?” ಅನ್ನುತ್ತಿದ್ದಾನೆ. ಇಂಥ ಗಾಡಿ ಬ್ರೇಕು ಸಡಿಲಾದರೆ ತಾನೇ ಮೆಲ್ಲಗೆ ನಡೆಯುತ್ತದೆ, ಅದು ದೋಷ ಅಲ್ಲ, ಅದರ ಗುಣ. ಗೇಟಿನಲ್ಲಿ ಆದದ್ದೂ ಇದೇ. ಸ್ಕೂಟಿಯ ನಂಬರಿನ ತಗಡು ಬಾಗಿತ್ತು. ಹುಡುಗಿ ತಿರುಗಿ ಗಾಜಿನೊಳಗೆ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಕುಶಲ ಇರದಿದ್ದರೆ ಅಂತ ಬರೆಯಲು ನನ್ನಿಂದ ಆಗುವುದಿಲ್ಲ.

ನಾನು ಏನು ಕೇಳಿದೆ ಗೊತ್ತೇ? “ನಾನು ತುಟಿ ಚಪ್ಪರಿಸಿದೆನೇನ್ರಿ?” ಅಂತ. ಅವನು ಕೀಲಿಯನ್ನು ತನ್ನ ಕಿಸೆಗೆ ಹಾಕಿಕೊಂಡು, “ಹೌದ್ರಿ” ಅಂದ. ಆಮೇಲೆ ಅವನ ಬಾಯಿಂದ ಒಂದೂ ಚಾಷ್ಟಿ ಬರಲಿಲ್ಲ. ಗಾಡಿಯನ್ನು ಕೋಥರೂಡಕ್ಕೆ ಅವನೇ ತಂದ.

ಬಾಯಿಯವರ ಮುಂದೆ ನಿಂತು ಹೇಳುವುದು ಘಾಟ್ ಇಳಿಯುವುದಕ್ಕಿಂತ ಕಷ್ಟವಾಯಿತು. ಕೀಲಿ ಮೇಜಿನ ಮೇಲೆ ಇಟ್ಟೆ. “ಬಾಯೀ, ಗಾಡಿ ಸರಿಯಾಗೇದ್ರಿ. ನನ್ನ ಕೈಯಾಗ ಕೊಡಬ್ಯಾಡ್ರಿ” ಅಂದೆ. ಉಳಿದದ್ದು ಅಲ್ಲೊಂದು ಇಲ್ಲೊಂದು ಹೊರಗೆ ಬಿತ್ತು. ಅವರು ಸಿಟ್ಟಾದರು, ಆಗಬೇಕಾದದ್ದೇ. “ಇಷ್ಟು ದಿವಸ ನನ್ನ ಕೂಡಿಸಿಕೊಂಡು ಊರೆಲ್ಲಾ ಅಡ್ಡಾಡಿದಿಯಲ್ಲೋ! ಆ ಹಸಗೂಸಿನ್ನ ಒಯ್ಯಾಂವ ಇದ್ದಿ!” ಅಂತ ಎದ್ದು ನಿಂತರು. ಕೀಲಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ದಿನಾ ಅವರ ಮನೆಯ ಅಡುಗೆಗೆ ಹೋಗುವ ಲೀಲಾಕ್ಷಿಯ ಜೊತೆಗೂ ಮಾತಾಡಲಿಲ್ಲ. ಸಾತಾರಾದಿಂದ ಬಂದ ಮೇಲೆ ಅವಳ ಕೈಯಲ್ಲಿ ಒಂದು ಚೀಟಿ ಕಳಿಸಿದರು. ನರದ ಡಾಕ್ಟರರ ಹೆಸರು, ಹೋಗಬೇಕಾದ ಹೊತ್ತು. ಬೇರೆ ಏನೂ ಇರಲಿಲ್ಲ. ಕೆಲಸ ಇದೆಯೋ ಹೋಯಿತೋ ಇವತ್ತಿನವರೆಗೆ ನನಗೆ ಗೊತ್ತಿಲ್ಲ. ಕೇಳಲು ಧೈರ್ಯವಿಲ್ಲ.

ಹೋಗಿದ್ದೆವು. ತಲೆಗೆಲ್ಲ ಅಂಟು ಹಚ್ಚಿ ತಂತಿ ಕೂಡಿಸಿದರು. ಡಾಕ್ಟರು ಕೇಳುವ ಮೊದಲೇ ನಾನು ತಾಮ್ರದ ರುಚಿ, ನಿದ್ದೆ, ವಾಸನೆ, ಅಪ್ಪನ ರೊಟ್ಟಿ ಎಲ್ಲ ಹೇಳಿಬಿಟ್ಟೆ. ಇದೂ ಮೂರ್ಛೆಯೇ, ಬಿದ್ದು ಒದ್ದಾಡದ ಜಾತಿಯದು ಅಂದರು. ಗುಳಿಗೆ ಕೊಟ್ಟಿದ್ದಾರೆ. ಹೆಚ್ಚಿನವರಿಗೆ ಗುಳಿಗೆಯಿಂದ ಹತೋಟಿಗೆ ಬರುತ್ತದಂತೆ. ಗಾಡಿ ಮಾತ್ರ ಮುಟ್ಟಬಾರದು. “ಎಷ್ಟು ದಿವಸರೀ?” ಅಂದೆ. ಕಾಗದದಿಂದ ಕಣ್ಣೆತ್ತದೆ ಬರೆಯುತ್ತಾ ಹೋದರು.

ಹೆದರಿಕೆ ಹೋಗಿಲ್ಲ ಅಕ್ಕಾ. ಮೊದಲು ಗಾಡಿಗೆ ಹೆದರುತ್ತಿದ್ದೆ, ಇಳಿದು ಬಾಗಿಲು ಹಾಕಿದರೆ ಹೆದರಿಕೆ ಒಳಗೇ ಉಳಿಯುತ್ತಿತ್ತು. ಈಗ ಇಳಿಯುವುದು ಎಲ್ಲಿಂದ? ರಸ್ತೆ ದಾಟುವಾಗ ಲೀಲಾಕ್ಷಿ ನನ್ನ ತೋಳು ಹಿಡಿಯುತ್ತಾಳೆ, ಜನ ನೋಡಲಿ ಬಿಡಲಿ. ನಡುವೆ ಮಾತು ನಿಂತರೆ ಮುಖ ನೋಡುತ್ತಾಳೆ. ನಾನೂ ಅವಳ ಮುಖ ನೋಡುತ್ತೇನೆ, ಎಷ್ಟು ಹೊತ್ತು ಹೋಗಿದ್ದೆ ಅಂತ ತಿಳಿಯಲು.

ಬರುವ ಶನಿವಾರ ನೀನು ಬರುತ್ತೀಯಂತೆ, ಲೀಲಾಕ್ಷಿ ಹೇಳಿದಳು. ನಿಮ್ಮಿಬ್ಬರ ಫೋನು ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀರಿ, ಖೋಲಿ ಒಂದೇ. ಬಾ. ಮತ್ತೆ ಬರೆಯಬೇಡ ಅಂತ ಬರೆದದ್ದನ್ನು ಮರೆತುಬಿಡು. ಸ್ಟೇಷನ್ನಿಗೆ ಗಾಡಿ ತರಲಾರೆ, ಬಸ್ಸಿನಲ್ಲಿ ಬಂದು ಹೊರಬಾಗಿಲ ಹತ್ತಿರ ನಿಂತಿರುತ್ತೇನೆ. ದೂರದಿಂದ ಕೂಗುವ ಚಟ ನಿನಗೆ. ಕೂಗಿದಾಗ ನಾನು ತಿರುಗದಿದ್ದರೆ ಹೆದರಬೇಡ. ಹತ್ತಿರ ಬಂದು ಕೈ ಹಿಡಿದುಕೊಂಡು ನಿಂತಿರು. ಬರುತ್ತೇನೆ.

ನಿನ್ನ ತಮ್ಮ,
ಪಂಢರಿ